ಬಾರಿಸದ ಗಂಟೆಗೆ ಉತ್ತರ

ಟಿಣ್ ಟಿಣ್.

ಗಾರ್ಡಮ್ಮನ ಪುಟ್ಟ ಕೋಣೆಯಲ್ಲಿ ಗಂಟೆ ಎರಡು ಸಲ ಬಾರಿಸಿತು. ಹಿಂದೆಯೇ ಗಾಡಿ ಮೈಮುರಿದುಕೊಂಡು ಹೊರಟಿತು. ಅವಳ ಹೆಬ್ಬೆರಳು ಮಾತ್ರ ಗುಂಡಿಯಿಂದ ಇನ್ನೂ ಗೇಣುದ್ದ ದೂರದಲ್ಲಿತ್ತು.

ಪ್ಲಾಟ್‌ಫಾರ್ಮಿನ ಆ ತುದಿಯಿಂದ ಆಸ್ಪತ್ರೆಯ ನರ್ಸ್ ಓಡಿ ಬರುತ್ತಿದ್ದಳು. ದಿನಾ ಇದೇ ಗಾಡಿಗೆ ಬರುವವಳು, ದಿನಾ ಓಡಿಯೇ ಬರುವವಳು. ಮುಚ್ಚಿದ ಬಾಗಿಲನ್ನು ಅವಳಿಗಾಗಿ ಮತ್ತೆ ತೆರೆಯೋಣವೆಂದು ಗಾರ್ಡಮ್ಮ ಬಲಗೈ ಎತ್ತಿ ಕರೆದಿದ್ದಳು, ಅಷ್ಟೆ. ಅಷ್ಟರಲ್ಲಿ ಗಾಡಿ ಕದಲಿಬಿಟ್ಟಿತು. ನರ್ಸ್ ಚೀಲವನ್ನು ಕಂಕುಳಿಗೆ ಅವಚಿಕೊಂಡು ನಿಂತಲ್ಲೇ ನಿಂತಳು. ಅವಳ ತುಟಿ ಆಡಿದ್ದು ಕಾಣಿಸಿತು, ಮಾತು ಕೇಳಿಸಲಿಲ್ಲ. ಬೈಗುಳವೇ ಇರಬೇಕು.

ಗಾರ್ಡಮ್ಮ ತನ್ನ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡಳು. ಗುಂಡಿಯನ್ನು ಒಮ್ಮೆ ನೋಡಿದಳು. ಒತ್ತಿರಲಿಲ್ಲ. ದೇವರಾಣೆಗೂ ಒತ್ತಿರಲಿಲ್ಲ.

ದೊಡ್ಡ ಜಂಕ್ಷನ್ನಿನಿಂದ ಕೈಬೆರಳುಗಳ ಹಾಗೆ ನಾಲ್ಕು ಕಡೆಗೆ ಚಾಚಿಕೊಂಡಿರುವ ಸಣ್ಣ ರೈಲುಹಾದಿಗಳಲ್ಲಿ ಅವರದೊಂದು. ಎರಡೇ ಬೋಗಿಯ ಪ್ಯಾಸೆಂಜರ್ ಗಾಡಿ. ಮುಂದಿನ ತುದಿಯಲ್ಲಿ ಡ್ರೈವರ್, ಹಿಂದಿನ ತುದಿಯಲ್ಲಿ ಗಾರ್ಡ್; ನಡುವೆ ಕಾಲೇಜು ಹುಡುಗಿಯರು, ತರಕಾರಿ ಬುಟ್ಟಿಗಳು, ಕೋರ್ಟಿಗೆ ಹೋಗುವವರ ಕೆಟ್ಟ ಮುಖಗಳು, ಜಂಕ್ಷನ್ನಿನಲ್ಲಿ ದೊಡ್ಡ ಗಾಡಿ ಹಿಡಿಯಲು ಹೊರಟವರ ದೊಡ್ಡ ಪೆಟ್ಟಿಗೆಗಳು. ಇಟ್ಟಿಗೆ ಗೂಡು, ಹೊಳೆಯ ಸೇತುವೆ, ಮರದ ಮಿಲ್ಲು ಎಂದು ದಾರಿಯುದ್ದಕ್ಕೂ ಪುಟ್ಟ ಪುಟ್ಟ ನಿಲ್ದಾಣಗಳು. ಅಲ್ಲಿ ಸ್ಟೇಷನ್ ಮಾಸ್ತರೂ ಇಲ್ಲ, ಟಿಕೆಟ್ ಕಿಟಕಿಯೂ ಇಲ್ಲ. ಗಾಡಿ ನಿಂತಷ್ಟು ಹೊತ್ತು ಗಾರ್ಡಮ್ಮನೇ ಮಾಸ್ತರು, ಅವಳ ಕೊರಳಿನ ಚರ್ಮದ ಚೀಲವೇ ಟಿಕೆಟ್ ಕಿಟಕಿ.

ಡ್ರೈವರಿಗೂ ಗಾರ್ಡಿಗೂ ನಡುವೆ ಮಾತೆಂದರೆ ಗಂಟೆ. ಬಾಗಿಲುಗಳನ್ನು ಮುಚ್ಚುವವಳು ಗಾರ್ಡು. ಮುಚ್ಚಿದ ಕೂಡಲೇ ಡ್ರೈವರಿನ ಮುಂದೆ ಒಂದು ಹಸಿರು ದೀಪ ಹತ್ತುತ್ತದೆ. ಆದರೆ ದೀಪ ಹತ್ತಿತೆಂದು ಅವನು ಹೊರಡುವಂತಿಲ್ಲ. ಗಾರ್ಡು ಹೊರಗೆ ಬಗ್ಗಿ, ಗಾಡಿಯ ಉದ್ದಕ್ಕೂ ಕಣ್ಣು ಹಾಯಿಸಿ, ಎಲ್ಲ ಸರಿಯಿದೆ ಎಂದು ಮನಸ್ಸು ಒಪ್ಪಿದ ಮೇಲೆ ಎರಡು ಗಂಟೆ ಒತ್ತಬೇಕು. ಅದು ಅವನ ಕಿವಿಗೆ ಬಿದ್ದು, ಕೇಳಿಸಿತು ಎನ್ನುವುದಕ್ಕೆ ಅವನು ಎರಡು ಗಂಟೆ ತಿರುಗಿ ಒತ್ತಬೇಕು. ಆಮೇಲೆ ಗಾಡಿ. ಒಂದೇ ಗಂಟೆ ಒತ್ತಿದರೆ, ಎಲ್ಲಿದ್ದರೂ ಎಷ್ಟೇ ವೇಗದಲ್ಲಿದ್ದರೂ, ನಿಲ್ಲಿಸು ಎಂದರ್ಥ. ಗಾರ್ಡಮ್ಮ ಗಂಟೆ ಒತ್ತುವಾಗ ಬಲಗೈಯನ್ನು ಮೇಲೆತ್ತುತ್ತಿದ್ದಳು. ಅದು ಪ್ಲಾಟ್‌ಫಾರ್ಮಿನವರಿಗೆ 'ಇನ್ನು ಯಾರೂ ಹತ್ತಬೇಡಿ' ಎನ್ನುವುದಕ್ಕೆ. ಡ್ರೈವರಿಗೂ ಆ ಕೈಗೂ ಸಂಬಂಧವಿರಲಿಲ್ಲ.

ಇಲ್ಲವೆಂದೇ ಅವಳು ನಂಬಿದ್ದಳು.

ಮುಂದಿನ ನಿಲ್ದಾಣದಲ್ಲಿ ಅವಳು ಇಳಿದು ಗಾಡಿಯುದ್ದಕ್ಕೂ ಬಿರಬಿರನೆ ನಡೆದು ಡ್ರೈವರಣ್ಣನ ಕಿಟಕಿಯ ಕೆಳಗೆ ನಿಂತಳು. ಅವನು ಬಗ್ಗಿ ಅವಳ ಮುಖವನ್ನೇ ನೋಡಿದ.

"ಯಾಕಣ್ಣ ಹೊರಟುಬಿಟ್ಟೆ? ನರ್ಸ್ ಓಡಿ ಬರ್ತಿದ್ಲು."

"ನೀನು ಹೊಡೆದೆಯಲ್ಲ ತಂಗಿ."

"ನಾನು ಹೊಡೀಲಿಲ್ಲ."

"ಹೊಡೆದೆ. ಹೊಡೀದೆ ನಾನ್ಯಾಕೆ ಹೊರಡ್ಲಿ? ನನಗೇನು ಹುಚ್ಚಾ?" ಎಂದು ಅವನು ನಕ್ಕ. ನಗುವಿನ ಅಂಚಿನಲ್ಲಿ ಏನೋ ಒಂದು ಸಣ್ಣಗೆ ನಡುಗಿದಂತೆ ಅವಳಿಗೆ ಕಂಡಿತು.

ಕಾಣದೆ ಇರುತ್ತದೆಯೇ? ಕಾಣುವುದೇ ಅವಳ ಕಸುಬು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಲಿಸಿಕೊಟ್ಟ ಹಳೆಯ ಗಾರ್ಡು ಅವಳಿಗೆ ಒಂದೇ ಪಾಠ ಹೇಳಿದ್ದ: "ಮುಚ್ಚಿದ ಬಾಗಿಲನ್ನು ಕಂಡ್ರೂ ಅನುಮಾನ ಪಡು ಮಗಳೇ." ಅವಳಿಗೆ ಆ ಪಾಠ ಬೇಕಾಗಿಯೇ ಇರಲಿಲ್ಲ. ಚಿಕ್ಕಂದಿನಲ್ಲಿ ತಾಯಿ ಕೊಟ್ಟ ಹಾಲನ್ನು ಮೂಸಿ ನೋಡಿ ಕುಡಿಯುತ್ತಿದ್ದವಳು. ಮದುವೆಗೆ ಗಂಡು ನೋಡಲು ಬಂದಾಗ, 'ಇಷ್ಟು ಚೆನ್ನಾಗಿ ನಗ್ತಾನಲ್ಲ, ಹಲ್ಲು ಅವನದೇನಾ?' ಎಂದು ಅತ್ತಿಗೆಯ ಕಿವಿಯಲ್ಲಿ ಕೇಳಿದ್ದಳಂತೆ. ಆ ಹಲ್ಲಿನವನೇ ಈಗ ಅವಳ ಗಂಡ. ಸ್ಟೇಷನ್ ಎದುರಿನ ಬೀದಿಯಲ್ಲಿ ಅವನದೊಂದು ಕ್ಷೌರದಂಗಡಿ. ಮನೆಯಲ್ಲಿ ಅವಳಿಗೆ ಅವನಿಟ್ಟ ಹೆಸರು ಪತ್ತೇದಾರಿ.

ಈಚೆಗೆ ಅವಳ ಅನುಮಾನಕ್ಕೆ ಮೇವೂ ಸಿಕ್ಕಿತ್ತು. ಮುಂದಿನ ವೇಳಾಪಟ್ಟಿಯಿಂದ ಸಣ್ಣ ಹಾದಿಗಳಲ್ಲಿ ಗಾರ್ಡುಗಳೇ ಇರುವುದಿಲ್ಲವಂತೆ ಎಂಬ ಸುದ್ದಿ. ಬಾಗಿಲಿನ ಗುಂಡಿಯನ್ನು ಡ್ರೈವರಿನ ಮುಂದೆಯೇ ಕೂರಿಸಿ, ಹಿಂದಿನದು ಕಾಣಲು ಪಕ್ಕದಲ್ಲೊಂದು ಟೀವಿ ಪರದೆ ಇಟ್ಟರೆ ಮುಗಿಯಿತಂತೆ. ಒಬ್ಬೊಬ್ಬ ಡ್ರೈವರನ್ನೂ ಕರೆದು, 'ಒಬ್ಬನೇ ಗಾಡಿ ನಡೆಸಲು ಒಪ್ಪಿಗೆಯೇ?' ಎಂದು ಕೇಳುತ್ತಿದ್ದಾರಂತೆ. ಡ್ರೈವರ್ ಒಪ್ಪಿದ ಹಾದಿಯಲ್ಲಿ ಗಾರ್ಡಿನ ಕೆಲಸ ಹೋದಂತೆಯೇ. ಗಾರ್ಡಮ್ಮನಿಗೆ ಬೇರೆ ಕೆಲಸ ಗೊತ್ತಿಲ್ಲ. ಗೊತ್ತಿದ್ದರೂ ಬೇಕಿಲ್ಲ. ಗಾಡಿಯ ಹಿಂಬಾಗಿಲಲ್ಲಿ ನಿಂತು, ಬಿಟ್ಟುಬಂದ ಹಳಿಗಳು ದೂರದಲ್ಲಿ ಒಂದಾಗುವುದನ್ನು ನೋಡುತ್ತ ಅವಳ ಅರ್ಧ ಆಯುಷ್ಯ ಕಳೆದಿತ್ತು. ಉಳಿದರ್ಧವೂ ಹಾಗೆಯೇ ಕಳೆಯಲೆಂಬುದು ಅವಳ ಆಸೆ.

ಹಾಗಾದರೆ ಒತ್ತದ ಗಂಟೆಗೆ ಡ್ರೈವರಣ್ಣ ಉತ್ತರ ಕೊಟ್ಟದ್ದು ಯಾಕೆ? ಗಾರ್ಡು ಗಂಟೆ ಒತ್ತದಿದ್ದರೂ ಗಾಡಿ ಹೊರಡುತ್ತದೆ ಎಂದು ತೋರಿಸಲಿಕ್ಕೆ. ಇಲ್ಲವೇ ಅವಳು ಹೊತ್ತುಗೊತ್ತಿಲ್ಲದೆ ಗಂಟೆ ಒತ್ತುತ್ತಾಳೆಂದು ಹೆಸರು ಕೆಡಿಸಲಿಕ್ಕೆ. ಬೇರೇನು ಕಾರಣವಿರಲು ಸಾಧ್ಯ?

ಆ ಸಂಜೆ ಗಂಡ ಅಂಗಡಿ ಮುಚ್ಚಿ ಬಂದು ಕೈಕಾಲು ತೊಳೆಯುವ ಮೊದಲೇ ವಿಚಾರಣೆ ಶುರುವಾಯಿತು.

"ರೀ, ಡ್ರೈವರಣ್ಣ ನಿಮ್ಮ ಅಂಗಡಿಗೆ ಬಂದು ಎಷ್ಟು ದಿನ ಆಯ್ತು?"

"ಕುಡಿಯೋಕೆ ನೀರಾದರೂ ಕೊಡ್ತೀಯಾ, ನೇರ ಜೈಲಿಗೇ ಕಳಿಸ್ತೀಯಾ?"

"ಕೇಳಿದ್ದಕ್ಕೆ ಉತ್ತರ ಹೇಳಿ."

"ಬಹಳ ದಿನ ಆಯ್ತು. ಕೂದಲು ಕಿವಿ ಮೇಲೆ ಬಂದಿದೆ, ಬೀದೀಲಿ ಸಿಕ್ಕಾಗ ಬನ್ನಿ ಅಂದ್ರೆ ಕೈ ಆಡಿಸಿಕೊಂಡು ಹೋಗ್ತಾರೆ."

"ನೋಡಿದ್ರಾ! ನಿಮಗೆ ಮುಖ ತೋರಿಸೋಕೆ ಆಗ್ತಿಲ್ಲ. ನಿಮ್ಮ ಹೆಂಡತಿಯ ಅನ್ನಕ್ಕೆ ಕಲ್ಲು ಹಾಕ್ತಿದ್ದಾರೆ, ಅದಕ್ಕೇ."

"ಅಯ್ಯೋ ಮಾರಾಯ್ತಿ, ಕ್ಷೌರಕ್ಕೆ ಬರದವರೆಲ್ಲ ದ್ರೋಹಿಗಳಾದ್ರೆ ಅರ್ಧ ಊರನ್ನೇ ಹಿಡಿದುಹಾಕಬೇಕು."

ಅವಳು ನಗಲಿಲ್ಲ. ಒಳಗೆ ಹೋಗಿ ಗೂಟಕ್ಕೆ ತೂಗಿದ್ದ ತನ್ನ ಕೋಟಿನ ಜೇಬಿನಿಂದ ಒಂದು ಜೊತೆ ಬಿಳಿ ಕೈಗವಸು ತಂದು ಗಂಡನ ಮುಂದೆ ಇಟ್ಟಳು. ಡ್ರೈವರಣ್ಣನೇ ಚಳಿಗಾಲದಲ್ಲಿ ಕೊಟ್ಟಿದ್ದು. 'ಕೈ ತಣ್ಣಗಾಗುತ್ತೆ ತಂಗಿ, ಹಾಕ್ಕೋ' ಎಂದಿದ್ದ. ಆಗ ಅವಳ ಕಣ್ಣು ತುಂಬಿತ್ತು. ಒಡಹುಟ್ಟಿದ ಅಣ್ಣಂದಿರೂ ಅವಳಿಗೆ ಹೀಗೆ ಏನನ್ನೂ ಕೊಟ್ಟವರಲ್ಲ. ಈಗ ಚಳಿ ಕಳೆದಿತ್ತು. ಆದರೂ, 'ಗವಸು ಯಾಕೆ ಹಾಕಿಲ್ಲ?' ಎಂದು ಅವನು ದಿನಾ ಕೇಳುತ್ತಿದ್ದ. ಸೆಕೆಗೆ ಅಂಗೈ ಬೆವರಿ ಒದ್ದೆಯಾದರೂ ಅವನ ಮನಸ್ಸು ನೋಯಬಾರದೆಂದು ಅವಳು ಹಾಕಿಕೊಳ್ಳುತ್ತಿದ್ದಳು.

"ಈ ಬೇಸಗೇಲಿ ಗವಸು ಯಾಕ್ರೀ? ಮೊದಲು ಬೆಣ್ಣೆ ಹಚ್ಚೋದು, ಆಮೇಲೆ ಕತ್ತು ಕೊಯ್ಯೋದು."

ಗಂಡ ಗವಸನ್ನು ತಿರುಗಿಸಿ ಮುರುಗಿಸಿ ನೋಡಿದ. "ಹೊಲಿಗೆ ಗಟ್ಟಿ ಇದೆ" ಎಂದ.

ಮರುದಿನ ಅವಳಿಗೆ ಇನ್ನೊಂದು ಸಾಕ್ಷಿ ಸಿಕ್ಕಿತು. ಜಂಕ್ಷನ್ನಿನ ಸಿಬ್ಬಂದಿ ಕೋಣೆಯಲ್ಲಿ ಎಲ್ಲರೂ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಹೊರಗೆ ಕಿರ್, ಕಿರ್ ಎಂಬ ಸದ್ದು. ಇನ್ಸ್‌ಪೆಕ್ಟರ್ ಸಾಹೇಬರ ಬೂಟು ಅದು. ಎಷ್ಟು ಎಣ್ಣೆ ಹಾಕಿದರೂ ಅದರ ಬಾಯಿ ಮುಚ್ಚುವುದಿಲ್ಲವಾದ್ದರಿಂದ ಬೆನ್ನ ಹಿಂದೆ ಅವರಿಗೆ ಕಿರ್ ಸಾಹೇಬರೆಂದೇ ಹೆಸರು. ಸದ್ದು ಕೇಳಿದ್ದೇ ತಡ, ಬೆಂಚಿನ ಮೇಲೆ ಮಲಗಿದ್ದವರು ಎದ್ದು ಕೂತರು, ಕೂತಿದ್ದವರು ಗುಂಡಿ ಹಾಕಿಕೊಂಡರು. ಡ್ರೈವರಣ್ಣನೊಬ್ಬ ಬಾಗಿಲಿಗೆ ಬೆನ್ನು ಹಾಕಿ, ಕುರ್ಚಿಯ ಮೇಲೆ ಕಾಲು ಚಾಚಿ, ಕಿತ್ತಳೆ ಹಣ್ಣಿನ ಸಿಪ್ಪೆ ಸುಲಿಯುತ್ತಲೇ ಇದ್ದ. ಸಾಹೇಬರು ಒಳಬಂದು, ಸುತ್ತಿ, ಅವನ ಎದುರು ನಿಂತ ಮೇಲೆ ಕಾಲು ಇಳಿಸಿದ.

"ಏನಪ್ಪ, ಆರಾಮಾ?" ಎಂದರು ಸಾಹೇಬರು.

"ಹೂಂ ಸಾರ್" ಎಂದು ಅವನು ಒಂದು ತೊಳೆ ಹಣ್ಣು ಅವರ ಮುಂದೆ ಹಿಡಿದ. ಸಾಹೇಬರು ತೆಗೆದುಕೊಂಡೂಬಿಟ್ಟರು!

ಗಾರ್ಡಮ್ಮ ಎತ್ತಿದ ತುತ್ತನ್ನು ಬುತ್ತಿಗೇ ಇಳಿಸಿದಳು. ಇಷ್ಟು ಸಲಿಗೆ ಯಾವಾಗಿನಿಂದ? ಸಾಹೇಬರ ಬೂಟಿಗೆ ಹೆದರದವನೆಂದರೆ ಸಾಹೇಬರ ಜೊತೆ ಒಳಒಪ್ಪಂದ ಆದವನೇ. ಸಹಿ ಆಗಿಹೋಗಿದೆ. ಅವಳ ಕೆಲಸ ಆ ಒಂದು ತೊಳೆಯ ಜೊತೆ ಸಾಹೇಬರ ಹೊಟ್ಟೆ ಸೇರಿತು.

ಆ ವಾರವೇ ಕಿರ್ ಸಾಹೇಬರು ತಪಾಸಣೆಗೆಂದು ಅವಳ ಕೋಣೆಯಲ್ಲಿ ಪ್ರಯಾಣ ಮಾಡಿದರು. ಇಬ್ಬರು ನಿಲ್ಲುವುದೇ ಕಷ್ಟವಾದ ಜಾಗ. ಇಟ್ಟಿಗೆ ಗೂಡು ದಾಟಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಸಾರ್, ನಮ್ಮ ಹಾದೀಲೂ ಗಾರ್ಡನ್ನ ತೆಗೀತೀರಾ?"

"ತೆಗೀಬೇಕು ಅಂತಿತ್ತಮ್ಮ. ಎಲ್ಲ ಡ್ರೈವರ್‌ಗಳೂ ಒಪ್ಪಿ ಆಯ್ತು. ನಿಮ್ಮವರು ಒಬ್ಬರು ಹಟ ಹಿಡಿದು ಕೂತಿದ್ದಾರೆ."

"ಯಾರು ಸಾರ್? ಯಾವ ಹಟ?"

"ನಿಮ್ಮ ಡ್ರೈವರ್. ಗಾರ್ಡ್ ಇಲ್ಲದೆ ಗಾಡಿ ಮುಟ್ಟಲ್ಲ ಅಂದುಬಿಟ್ರು. ಹಳಬರು, ಬಲವಂತ ಮಾಡೋಕಾಗುತ್ತಾ? ಅವರು ಇರೋವರೆಗೆ ನೀವೂ ಇರ್ತೀರಿ. ಒಂದು ಊಟ ಹಾಕಿಸಿ ಅವರಿಗೆ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಿಟ್ಟುಸಿರು ಬಿಟ್ಟು ಮನೆಗೆ ಹೋಗಿ ನಿಜವಾಗಿಯೂ ಊಟ ಹಾಕಿಸುತ್ತಿದ್ದರು. ಗಾರ್ಡಮ್ಮನ ಅನುಮಾನ ಮಾತ್ರ ಬಾಲ ತುಳಿದ ಬೆಕ್ಕಿನ ಹಾಗೆ ಎದ್ದು ನಿಂತಿತು. ಯಾಕೆ? ಎಲ್ಲರೂ ಒಪ್ಪಿದ್ದಕ್ಕೆ ಇವನೊಬ್ಬ ಒಪ್ಪಲಿಲ್ಲ ಯಾಕೆ? ತಂಗಿಯ ಮೇಲಿನ ಅಕ್ಕರೆಯೇ ಆಗಿದ್ದರೆ, ಅದನ್ನು ತಂಗಿಗೆ ಹೇಳಲಿಲ್ಲ ಯಾಕೆ? ಉಪಕಾರ ಮಾಡಿ ಬಾಯಿಬಿಡದೆ ಇರುವವನನ್ನು ಅವಳು ಇದುವರೆಗೆ ಕಂಡಿರಲಿಲ್ಲ.

ಒತ್ತದ ಗಂಟೆ ಇನ್ನೂ ತಲೆಯೊಳಗೆ ಟಿಣ್ ಟಿಣ್ ಎನ್ನುತ್ತಲೇ ಇತ್ತು.

ಅವಳು ಪರೀಕ್ಷೆ ಮಾಡಿಯೇ ಬಿಡೋಣವೆಂದುಕೊಂಡಳು. ಮರದ ಮಿಲ್ಲಿನ ನಿಲ್ದಾಣ. ಹತ್ತುವವರು ಹತ್ತಿದ್ದರು, ಇಳಿಯುವವರು ಗೇಟು ದಾಟಿದ್ದರು. ಬಾಗಿಲು ಮುಚ್ಚಿದಳು. ಗಾಡಿಯುದ್ದಕ್ಕೂ ಕಣ್ಣು ಹಾಯಿಸಿದಳು. ಬಿಳಿ ಗವಸಿನ ಕೈಯನ್ನು ಮೇಲೆತ್ತಿದಳು. ಗುಂಡಿ ಮುಟ್ಟಲಿಲ್ಲ.

ಟಿಣ್ ಟಿಣ್. ಗಾಡಿ ಹೊರಟಿತು.

ಮುಂದಿನದು ಹೊಳೆಯ ಸೇತುವೆಯ ನಿಲ್ದಾಣ. ಅಲ್ಲಿ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಿಂದ ಗುಂಡಿಯನ್ನು ಮಾತ್ರ ಒತ್ತಿದಳು. ಎರಡು ಸಲ, ಸ್ಪಷ್ಟವಾಗಿ.

ಏನೂ ಇಲ್ಲ. ಇಂಜಿನ್ನು ತನ್ನ ಪಾಡಿಗೆ ಗೊಣಗುತ್ತಿತ್ತು. ಹೊಳೆಯ ಕಡೆಯಿಂದ ಬಂದ ಗಾಳಿಗೆ ಬೇಲಿಯ ಒಣಬಳ್ಳಿ ಗರಗರ ಎಂದಿತು. ಮತ್ತೆ ಒತ್ತಿದಳು, ಈ ಸಲ ಉಗುರು ಬೆಳ್ಳಗಾಗುವಷ್ಟು. ಉತ್ತರವಿಲ್ಲ. ದೂರದಲ್ಲಿ, ಡ್ರೈವರಣ್ಣನ ಕಿಟಕಿಯ ಪಕ್ಕದ ಕನ್ನಡಿಯಲ್ಲಿ, ನಾಣ್ಯದಷ್ಟು ಚಿಕ್ಕದಾಗಿ ಅವನ ಮುಖ ಕಾಣಿಸಿತು. ಆ ಮುಖ ಅವಳನ್ನೇ ನೋಡುತ್ತಿತ್ತು. ಕಾಯುತ್ತಿತ್ತು.

ಅವಳು ಮೆಲ್ಲಗೆ ಬಲಗೈ ಎತ್ತಿದಳು.

ಟಿಣ್ ಟಿಣ್.

ಗಾಡಿ ಸೇತುವೆಯ ಮೇಲೆ ಹೋಗುವಾಗ ಅವಳು ಬಾಗಿಲಿನ ಸರಳು ಹಿಡಿದು ಕೆಳಗಿನ ನೀರನ್ನೇ ನೋಡುತ್ತಿದ್ದಳು. ಮೇಲೆ ಗಾಡಿ ಅಷ್ಟೊಂದು ಅಬ್ಬರಿಸುತ್ತಿದ್ದರೂ ನೀರು ಏನೂ ಕೇಳಿಸದ ಹಾಗೆ ಹರಿಯುತ್ತಿತ್ತು. ಕಿತ್ತಳೆ ಹಣ್ಣು, ಕಿವಿ ಮುಚ್ಚಿದ ಕೂದಲು, ಬೇಸಗೆಯಲ್ಲಿ ಬಿಳಿ ಗವಸು. ಒಂದೊಂದೂ ತಿರುಗಿ ಬಂದು ಎದುರಿಗೆ ನಿಂತು ಬೇರೆಯೇ ಮುಖ ತೋರಿಸಿತು.

ಆ ರಾತ್ರಿ ಊಟಕ್ಕೆ ಕೂತಾಗ ಗಂಡನನ್ನು ಕೇಳಿದಳು. ಈ ಸಲ ದನಿ ತಗ್ಗಿತ್ತು.

"ಕೊನೇ ಸಲ ಬಂದಾಗ ಡ್ರೈವರಣ್ಣ ಹೇಗಿದ್ರು?"

ಅವನು ಯೋಚಿಸಿದ. "ಕನ್ನಡೀನೇ ನೋಡ್ತಿದ್ರು. ತಮ್ಮ ಮುಖ ಅಲ್ಲ, ನನ್ನ ಮುಖ. ನಾನೊಂದು ತಮಾಷೆ ಹೇಳಿದೆ. ನಾನು ನಕ್ಕ ಮೇಲೆ ಅವರು ನಕ್ರು. ಕತ್ತು ಬಗ್ಗಿಸಿ ಅಂತ ಹಿಂದಿನಿಂದ ಹೇಳ್ತಾನೇ ಇದ್ದೆ, ಕೊನೆಗೆ ಕೈಯಲ್ಲೇ ಬಗ್ಗಿಸಬೇಕಾಯ್ತು. ಯಾಕೆ, ಏನಾಯ್ತು ಪತ್ತೇದಾರಿ?"

"ಏನೂ ಇಲ್ಲ" ಎಂದಳು. ಮದುವೆಯಾದ ಮೇಲೆ ಅವಳು ಒಂದು ಅನುಮಾನವನ್ನು ಗಂಡನಿಗೆ ಹೇಳದೆ ಇಟ್ಟುಕೊಂಡದ್ದು ಅದೇ ಮೊದಲು.

ಹೇಳುವುದಾದರೂ ಏನೆಂದು? ಕಿವಿ ಕೇಳದ ಡ್ರೈವರ್ ಗಾಡಿ ನಡೆಸುತ್ತಿದ್ದಾನೆ. ಹೇಳಿದರೆ ಅವನ ಕೆಲಸ ಹೋಗುತ್ತದೆ. ಅವನ ಜಾಗಕ್ಕೆ ಬರುವವನು ಒಪ್ಪಿಗೆಯ ಸಹಿ ಹಾಕಿಯೇ ಬರುತ್ತಾನೆ. ಅವಳ ಕೆಲಸವೂ ಹೋಗುತ್ತದೆ. ಅವನಿಗೆ ಅವಳ ಕೈ ಬೇಕಿತ್ತು. ಆ ಕೈಗಾಗಿ ಅವನು ಅವಳ ಕೆಲಸ ಉಳಿಸಿದ್ದ. ಅವಳ ಅನುಮಾನಕ್ಕೆ ಇಷ್ಟು ದಿನ ಎದುರಾಳಿಗಳೇ ಸಿಕ್ಕುತ್ತಿದ್ದರು. ಈಗ ಮೊದಲ ಬಾರಿಗೆ ಅದು ಅವಳನ್ನೇ ಮೇಲಿನಿಂದ ಕೆಳಗೆ ನೋಡಿತು: ಸುಮ್ಮನಿರುವುದು ಅಣ್ಣನಿಗಾಗಿಯೋ, ನಿನಗಾಗಿಯೋ?

ನಾನೇ ಅವನ ಕಿವಿಯಾಗುತ್ತೇನೆ ಎಂದುಕೊಂಡಳು. ಅಂದಿನಿಂದ ಗವಸಿನ ಕೈಯನ್ನು ಎತ್ತರಕ್ಕೆ, ನೆಟ್ಟಗೆ, ಎಲ್ಲ ಮುಗಿದ ಮೇಲಷ್ಟೇ ಎತ್ತಿದಳು. ನರ್ಸನ್ನು ಕರೆಯಬೇಕಾದರೆ ಎಡಗೈಯಲ್ಲಿ, ಬೋಗಿಯ ಮರೆಯಲ್ಲಿ. ಸೊಳ್ಳೆ ಕಚ್ಚಿದರೂ ಬಲಗೈ ಅಲುಗಿಸುತ್ತಿರಲಿಲ್ಲ. ಡ್ರೈವರಣ್ಣನ ಜೊತೆ ಮಾತಾಡುವಾಗ ಎದುರಿಗೇ ನಿಲ್ಲುತ್ತಿದ್ದಳು. ಅವನು ಅದನ್ನು ಗಮನಿಸಿದನೋ ಇಲ್ಲವೋ. ಗಮನಿಸಿದ್ದರೆ, ಇವಳಿಗೆ ಗೊತ್ತಾಗಿದೆಯೆಂದು ಅವನಿಗೂ ಅನುಮಾನ ಬಂದಿರಬೇಕು. ಒಬ್ಬರ ಗುಟ್ಟನ್ನು ಒಬ್ಬರು ಕಂಡೂ ಕಾಣದಂತೆ ಅವರು ನಗುನಗುತ್ತ ಗಾಡಿ ನಡೆಸಿದರು.

ಒಂದು ನಿಲ್ದಾಣ ಮಾತ್ರ ಅವಳ ನಿದ್ದೆ ಕೆಡಿಸುತ್ತಿತ್ತು. ಗುಡ್ಡದ ತಿರುವಿನ ನಿಲ್ದಾಣ. ಅಲ್ಲಿ ಪ್ಲಾಟ್‌ಫಾರ್ಮು ಬಿಲ್ಲಿನ ಹಾಗೆ ಬಾಗಿ, ಹಿಂದಿನ ಬೋಗಿ ಡ್ರೈವರಿನ ಕನ್ನಡಿಗೆ ಕಾಣುತ್ತಲೇ ಇರಲಿಲ್ಲ. ಹಾಗಾದರೆ ಅಲ್ಲಿ ಇವನು ಹೇಗೆ ಹೊರಡುತ್ತಾನೆ? ಅವಳು ಗಮನವಿಟ್ಟು ನೋಡಿದಳು. ಬಾಗಿಲು ಮುಚ್ಚಿದ ದೀಪ ಹತ್ತಿದ ಮೇಲೆ ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಕಾದು, ಅಂದಾಜಿನ ಮೇಲೆ ಎರಡು ಗಂಟೆ ಒತ್ತಿ ಹೊರಡುತ್ತಿದ್ದ. ಅವಳು ಗಂಟೆ ಒತ್ತುತ್ತಿದ್ದದ್ದೂ ಸರಿಯಾಗಿ ಅಷ್ಟೇ ಹೊತ್ತಿಗೆ. ಇಷ್ಟು ವರ್ಷ ಜೊತೆಯಲ್ಲಿ ದುಡಿದವರ ಉಸಿರು ಒಂದೇ ಅಳತೆಗೆ ಬಂದಿತ್ತು. ಹಾಗಾಗಿ ಅವಳು ಅಲ್ಲಿ ಎಲ್ಲವನ್ನೂ ಮೊದಲೇ ನೋಡಿಕೊಂಡು, ಕೊನೆಗೆ ಬಾಗಿಲು ಮುಚ್ಚತೊಡಗಿದಳು. ಸರಿಹೋಯಿತು ಎಂದುಕೊಂಡಳು. ಮುಚ್ಚಿದ ಬಾಗಿಲನ್ನೂ ಅನುಮಾನದಿಂದ ನೋಡಬೇಕೆಂಬ ಹಳೆಯ ಪಾಠ ಅವಳಿಗೆ ಮರೆತದ್ದು ಅಲ್ಲಿಯೇ.

ಅವತ್ತು ಬೆಳಗಿನ ಗಾಡಿಯಿಂದ ಆ ತಿರುವಿನಲ್ಲಿ ಒಬ್ಬ ಅಜ್ಜಿ ಇಳಿದಳು. ಮೊಮ್ಮಗಳ ಮನೆಗೆ ವಾರಕ್ಕೊಮ್ಮೆ ಹೋಗುವ ಅಜ್ಜಿ, ಮೊಣಕೈಯಲ್ಲಿ ಯಾವಾಗಲೂ ಒಂದು ಬಟ್ಟೆ ಚೀಲ. ಅವಳು ಇಳಿದು ನಿಂತದ್ದನ್ನು ನೋಡಿಯೇ ಗಾರ್ಡಮ್ಮ ಬಾಗಿಲು ಮುಚ್ಚಿದಳು. ಮುಚ್ಚಿದ ಮೇಲೆ ಕಂಡಿತು: ಚೀಲ ಒಳಗೇ ಉಳಿದು, ಅದರ ಹಿಡಿ ಬಾಗಿಲಿನ ಸಂದಿಯಿಂದ ಹೊರಬಂದು, ಅಜ್ಜಿಯ ಮೊಣಕೈಗೆ ಸುತ್ತಿಕೊಂಡಿತ್ತು. ಹಿಡಿ ತೆಳು, ಬಾಗಿಲು ಪೂರ್ತಿ ಕೂಡಿಕೊಂಡಿತ್ತು. ಅಲ್ಲಿ ಡ್ರೈವರಣ್ಣನ ಮುಂದೆ ಹಸಿರು ದೀಪ ಹತ್ತಿರಲೇಬೇಕು.

ಟಿಣ್ ಟಿಣ್.

ಅವಳು ಒಂದು ಗಂಟೆ ಒತ್ತಿದಳು. ನಿಲ್ಲಿಸು. ಅಜ್ಜಿ ಬಾಗಿಲಿನ ಜೊತೆಯಲ್ಲೇ ಹೆಜ್ಜೆ ಹಾಕತೊಡಗಿದಳು. ಮತ್ತೆ ಒತ್ತಿದಳು. ಅಜ್ಜಿಯ ಹೆಜ್ಜೆ ಓಟವಾಯಿತು. ಗಾರ್ಡಮ್ಮ ಬಲಗೈಯನ್ನು ಹೊರಗೆ ಚಾಚಿ ಬೀಸಿದಳು. ಬಿಳಿ ಗವಸು ಗುಡ್ಡಕ್ಕೆ ಕಂಡಿತು, ಬೇಲಿಗೆ ಕಂಡಿತು, ಕಾಣಬೇಕಾದವನಿಗೆ ಕಾಣಲಿಲ್ಲ. "ಅಣ್ಣಾ!" ಎಂದು ಕಿರುಚಿದಳು, ಯಾರನ್ನು ಕೂಗುತ್ತಿದ್ದೇನೆಂದು ಕೂಗಿದ ಮೇಲೆ ಹೊಳೆಯಿತು. ತಲೆಯ ಮೇಲಿನ ತುರ್ತು ಬ್ರೇಕಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದು ಜೋತುಬಿದ್ದಳು.

ಗಾಡಿ ಕೀರಲು ದನಿಯಲ್ಲಿ ಅರಚಿ ನಿಂತಿತು. ಒಳಗೆ ಬುಟ್ಟಿಗಳು ಉರುಳಿದವು. ಅವಳು ಹಾರಿ ಇಳಿದು ಓಡಿದಾಗ ಅಜ್ಜಿ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಮಂಡಿಯೂರಿ ಬಿದ್ದಿದ್ದಳು. ಹಿಡಿ ಹರಿದಿತ್ತು. ಮಂಡಿ ಸುಲಿದು ರಕ್ತ ಜಿನುಗುತ್ತಿತ್ತು.

"ಅಜ್ಜಿ, ಅಜ್ಜಿ..."

"ಬದುಕಿದ್ದೀನಿ ಬಿಡೇ. ನನ್ನ ಚೀಲ ನನ್ನನ್ನ ಬಿಟ್ಟು ಊರು ಸುತ್ತೋಕೆ ಹೊರಟಿತ್ತು ನೋಡು" ಎಂದು ಅಜ್ಜಿ ನಗಲು ನೋಡಿದಳು.

ಕಿಟಕಿಗಳಿಂದ ತಲೆಗಳು ಹೊರಬಂದವು. "ಗಾರ್ಡಮ್ಮ, ಕಣ್ಣು ಎಲ್ಲಿಟ್ಟಿದ್ರಿ?" ಎಂದಿತು ಒಂದು. "ನೋಡದೆ ಗಂಟೆ ಹೊಡೀತಾರಾ ಯಾರಾದ್ರೂ?" ಎಂದಿತು ಇನ್ನೊಂದು.

"ಸುಮ್ನಿರ್ರೋ" ಎಂದಳು ಅಜ್ಜಿ, ಗಾರ್ಡಮ್ಮನ ಭುಜ ಹಿಡಿದು ಏಳುತ್ತ. "ಇವಳು ಎಲ್ಲಾರ ಮೇಲೂ ಅನುಮಾನ ಪಡೋಳು. ಅದಕ್ಕೇ ನಾನು ಇವಳನ್ನ ನಂಬಿ ಈ ಗಾಡಿ ಹತ್ತೋದು."

ಬೈದವರ ಮಾತನ್ನು ಅವಳು ಆಮೇಲೆ ಮರೆತಳು. ಅಜ್ಜಿಯ ಮಾತು ಮಾತ್ರ ಜಂಕ್ಷನ್ನಿನವರೆಗೂ ಅವಳ ಜೊತೆಯಲ್ಲೇ ನಿಂತು ಬಂತು.

ಜಂಕ್ಷನ್ನಿಗೆ ಸುದ್ದಿ ಅವರಿಗಿಂತ ಮೊದಲೇ ತಲುಪಿತ್ತು. 'ಇಬ್ಬರೂ ಬಂದು ನನ್ನನ್ನು ಕಾಣಿ' ಎಂದು ಕಿರ್ ಸಾಹೇಬರು ಹೇಳಿ ಕಳಿಸಿದ್ದರು. ಅವರ ಕೋಣೆ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ. ಸಿಬ್ಬಂದಿ ಕೋಣೆ ಈ ತುದಿಯಲ್ಲಿ. ಒಳಗೆ ಡ್ರೈವರಣ್ಣನೊಬ್ಬನೇ ಇದ್ದ. ಗಾರ್ಡಮ್ಮ ಒಳಬಂದದ್ದನ್ನು ನೋಡಿ, ತಿರುಗಿ, ಕಿಟಕಿಯ ಕೆಳಗಿನ ನಲ್ಲಿ ಬಿಟ್ಟು ಕೈ ತೊಳೆಯತೊಡಗಿದ. ಗ್ರೀಸು ಹೋಗಿ ಎಷ್ಟೋ ಹೊತ್ತಾಗಿದ್ದ ಕೈಗಳು.

"ಗಂಟೆಯ ತಂತಿ ಸಡಿಲ ಆಗಿತ್ತು ಅಂದುಬಿಡೋಣ ತಂಗಿ" ಎಂದ, ಕಿಟಕಿಯ ಕಡೆ ನೋಡುತ್ತಲೇ. "ಫಿಟ್ಟರ್ ನಮ್ಮೋನೇ, ಹೌದು ಅಂತಾನೆ. ಯಾರ ತಪ್ಪೂ ಅಲ್ಲ. ನಿನ್ನ ಮೇಲೂ ಬರಲ್ಲ."

"ಅಣ್ಣ, ಈ ಕಡೆ ತಿರುಗು" ಎಂದಳು ಅವಳು.

"ಎಡಗಡೆ ಕಿವಿ ಮೊದಲು ಹೋಯ್ತು. ಇಂಜಿನ್ ಪಕ್ಕ ಇರೋದು ಅದೇ ಅಲ್ವಾ? ಬಲಗಡೆದು ಇದೆ ಅಂತ ಧೈರ್ಯ ಇತ್ತು. ಅದೂ ಯಾವಾಗ ಕೈಬಿಟ್ಟಿತೋ. ಮನೇಲಿ ನಿನ್ನ ಅತ್ತಿಗೆಗೂ ಹೇಳಿಲ್ಲ. ಮಾತಾಡಿಸಿದ್ರೆ ಉತ್ತರ ಕೊಡಲ್ಲ, ಜಂಬ ಬಂದಿದೆ ಅಂತಾಳೆ. ಅನ್ಲಿ."

"ಅಣ್ಣ, ಅಜ್ಜಿ ಸಾಯ್ತಿದ್ಲು."

"ನಿನಗೆ ಗೊತ್ತು ಅಂತ ನನಗೆ ಗೊತ್ತಾಯ್ತು. ನೀನು ಎದುರಿಗೆ ಬಂದು ನಿಂತು ಮಾತಾಡೋಕೆ ಶುರು ಮಾಡಿದೆಯಲ್ಲ, ಅವತ್ತೇ. ನನ್ನ ತಂಗಿ ಕಣ್ಣಿಗೆ ಏನು ತಪ್ಪುತ್ತೆ?" ಅವನ ಭುಜ ನಗುವಿಗೋ ಮತ್ತೊಂದಕ್ಕೋ ಒಮ್ಮೆ ಕುಲುಕಿತು. "ಗವಸು ಕೊಟ್ಟಾಗ ನನಗೇ ನಾಚಿಕೆ ಆಗಿತ್ತು. ನೀನು ಕಣ್ಣೀರು ಹಾಕಿಬಿಟ್ಟೆ. ಆಗಲೇ ಹೇಳಿಬಿಡಬೇಕಿತ್ತು."

ಅವಳು ಬಲಗೈಯ ಗವಸನ್ನು ಬೆರಳು ಬೆರಳಾಗಿ ಬಿಚ್ಚಿದಳು. ಅಂಗೈ ಬೆಳ್ಳಗೆ ನೆನೆದು ಸುಕ್ಕುಗಟ್ಟಿತ್ತು. ಎಡಗೈಯದನ್ನೂ ಬಿಚ್ಚಿ, ಎರಡನ್ನೂ ಮೇಜಿನ ಮೇಲೆ, ಕಿತ್ತಳೆ ಸಿಪ್ಪೆ ಬಿದ್ದಿದ್ದ ತಟ್ಟೆಯ ಪಕ್ಕದಲ್ಲಿ ಇಟ್ಟಳು.

"ನಾನು ಹೋಗಿ ಹೇಳ್ತೀನಣ್ಣ" ಎಂದಳು ಅವನ ಬೆನ್ನಿಗೆ. "ನಿನ್ನ ಕಿವಿ ವಿಷಯಾನೂ ಹೇಳ್ತೀನಿ, ಗೊತ್ತಿದ್ದೂ ನಾನು ಸುಮ್ನಿದ್ದದ್ದೂ ಹೇಳ್ತೀನಿ. ಇಬ್ಬರ ಕೆಲಸಾನೂ ಹೋಗ್ಲಿ."

ಅವನು ನಲ್ಲಿ ನಿಲ್ಲಿಸಿದ. ನೀರಿನ ಸದ್ದು ನಿಂತಿತು. ಅವನು ತಿರುಗಲಿಲ್ಲ. ಹಳೆಯ ಅನುಮಾನ ಕೊನೆಯದೊಂದು ಸಲ ಅವಳನ್ನು ಚಿವುಟಿತು: ಕೇಳಿಸಲಿಲ್ಲವೋ, ಕೇಳಿಸಿಯೂ ಬೆನ್ನು ಮಾಡಿ ನಿಂತಿದ್ದಾನೋ? ಮುಂದೆ ಹೋಗಿ ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮುಖ ನೋಡಿದರೆ ಮತ್ತೆ ಹೋಗಲಾಗುವುದಿಲ್ಲವೆಂಬುದೂ ಗೊತ್ತಿತ್ತು.

"ಈ ವರ್ಷ ಒಂದು ಕಳೆದುಬಿಟ್ರೆ ಸಾಕು" ಎಂದ ಅವನು, ಒರಸುವ ಬಟ್ಟೆಗೆ ಕೈ ಚಾಚುತ್ತ. "ತಿರುವಿನ ಹತ್ರ ಮಾತ್ರ ಏನಾದ್ರೂ ಮಾಡ್ಬೇಕು. ಅಲ್ಲೊಂದು ಕನ್ನಡಿ ಹಾಕಿಸಿಬಿಟ್ರೆ..."

ಅವಳು ಹೊಸ್ತಿಲು ದಾಟಿದಳು. ಬೂಟಿನ ಸದ್ದು ಅಡಗಿಸಲು ಪ್ರಯತ್ನಿಸಲಿಲ್ಲ. ಸಿಮೆಂಟಿನ ಮೇಲೆ ಹಿಮ್ಮಡಿ ಊರಿ, ಸಾಹೇಬರ ಕೋಣೆಯ ಕಡೆಗೆ ನಡೆದಳು. ಬೆನ್ನ ಹಿಂದೆ, ತೆರೆದ ಬಾಗಿಲೊಳಗಿಂದ, ಅವನ ಮಾತು ಇನ್ನೂ ಬರುತ್ತಲೇ ಇತ್ತು.

"ನೀನು ಕೈ ಎತ್ತಿದ್ದು ಅಲ್ಲೂ ನನಗೆ ಕಾಣುತ್ತೆ. ಅಲ್ವಾ ತಂಗಿ?"